ಸಾವಿನ ಸುಂಕ ಸತ್ತ ಕಥೆ

ಹೋದ ವರ್ಷ ಅಪ್ಪ ತೀರಿಕೊಂಡ ಮೇಲೆ ಮೈಸೂರಿನ ಮನೆಯ ಖಾತೆ ಬದಲಾಯಿಸಲು ನಾಲ್ಕೈದು ಸಲ ಓಡಾಡಿದೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಅಮ್ಮನದ್ದೂ ತಂಗಿಯದ್ದೂ ಒಪ್ಪಿಗೆ, ಒಂದು ಅಫಿಡವಿಟ್ಟು, ಎಲ್ಲದಕ್ಕೂ ಎರಡೆರಡು ಜೆರಾಕ್ಸು. ಓಡಾಟ ಜಾಸ್ತಿ ಆಯ್ತೇ ಹೊರತು ಖರ್ಚು ಆಗಲಿಲ್ಲ. ಕೂತು ಲೆಕ್ಕ ಹಾಕಿದರೆ, ಸರ್ಕಾರಕ್ಕೆ ಕಟ್ಟಿದ್ದಕ್ಕಿಂತ ನಾನು ಬೆಂಗಳೂರಿನಿಂದ ಹೋಗಿಬಂದ ಬಸ್ಸು, ಕ್ಯಾಬು, ಕಾಫಿಯ ದುಡ್ಡೇ ಹೆಚ್ಚು. ಇವತ್ತಿನ ಬೆಲೆಯಲ್ಲಿ ಎರಡು ಕೋಟಿಯ ಹತ್ತಿರ ಬಾಳುವ ಮನೆ, ಹೀಗೆ ಸದ್ದಿಲ್ಲದೆ ನಮ್ಮದಾಯಿತು.

ಅದೇ ಸಮಯದಲ್ಲಿ ಆಫೀಸಿನ ಗೆಳೆಯನೊಬ್ಬ ಸರ್ಜಾಪುರದ ಕಡೆ ಫ್ಲಾಟು ಕೊಂಡ. ಅವನ ಅಪ್ಪ ಬಳ್ಳಾರಿಯಲ್ಲಿ ಲಾರಿ ಡ್ರೈವರ್ ಆಗಿದ್ದವರು. ಆಸ್ತಿ ಅಂತ ಬಿಟ್ಟುಹೋಗಿದ್ದು ಅವನ ಓದು ಮಾತ್ರ. ಶೇ 30ರ ಸ್ಲ್ಯಾಬಿನಲ್ಲಿ ತೆರಿಗೆ ಕಟ್ಟಿ ಉಳಿದ ಸಂಬಳದಲ್ಲಿ ಹಣ ಕೂಡಿಸಿ, ಇಪ್ಪತ್ತು ವರ್ಷದ ಸಾಲ ತಗೊಂಡು, ಅದರ ಮೇಲೆ ಶೇ 5ರ ಸ್ಟಾಂಪ್ ಡ್ಯೂಟಿ, ನೋಂದಣಿ ಶುಲ್ಕ ಎಲ್ಲ ಕಟ್ಟಿದ. ನೋಂದಣಿ ಮುಗಿದ ಸಂಜೆ ಪಾರ್ಟಿ ಕೊಡಿಸುತ್ತಾ, 'ನಿಂದು ಎಷ್ಟಾಯ್ತೋ?' ಅಂತ ಕೇಳಿದ. ಹೇಳಿದೆ. ನಕ್ಕ. ಆ ನಗು ನನಗೆ ಅಷ್ಟು ಇಷ್ಟವಾಗಲಿಲ್ಲ.

ಈ ಬರಹಕ್ಕೆ ಕಾರಣ ಆ ನಗುವಷ್ಟೇ ಅಲ್ಲ, ಒಂದು ಫೈಲು ಕೂಡ. ಖಾತೆಗೆ ಬೇಕಾದ ಹಳೇ ಕ್ರಯಪತ್ರ ಹುಡುಕುವಾಗ ಅಪ್ಪನ ಬೀರುವಿನ ತಳದಲ್ಲಿ ಸಿಕ್ಕಿದ್ದು. ಮೇಲೆ ಅಪ್ಪನ ಅಕ್ಷರದಲ್ಲಿ 'ಎಸ್ಟೇಟ್ ಡ್ಯೂಟಿ – ಅಣ್ಣ' ಅಂತ ಬರೆದಿತ್ತು. ಅಪ್ಪ ತಮ್ಮ ತಂದೆಯನ್ನು ಅಣ್ಣ ಅಂತಲೇ ಕರೆಯುತ್ತಿದ್ದದ್ದು. ತಾತ ಮೈಸೂರಿನಲ್ಲಿ ಸಣ್ಣದೊಂದು ಬಟ್ಟೆ ಅಂಗಡಿ ಇಟ್ಟಿದ್ದವರು, 1974ರಲ್ಲಿ ಹೋದರು. ಫೈಲಿನೊಳಗೆ ಏನೇನಿತ್ತು ಅಂತೀರಿ: ಮನೆಯ ಬೆಲೆ ಎಷ್ಟೆಂದು ಒಬ್ಬ ಎಂಜಿನಿಯರ್ ಬರೆದುಕೊಟ್ಟ ವರದಿ, ಅಂಗಡಿಯ ಸ್ಟಾಕಿನ ಪಟ್ಟಿ, ಅಜ್ಜಿಯ ಬಳೆ ಸರಗಳ ತೂಕ, ಆ ಬಳೆ ಅಜ್ಜಿಯ ತವರಿಂದ ಬಂದಿದ್ದು, ತಾತನದ್ದಲ್ಲ ಅಂತ ಅಜ್ಜಿ ಹೆಬ್ಬೆಟ್ಟೊತ್ತಿದ ಹೇಳಿಕೆ. ಪತ್ರ ವ್ಯವಹಾರ ಆರು ವರ್ಷ ನಡೆದಿದೆ. ಕೊನೆಗೆ ಕಟ್ಟಿದ ಸುಂಕ ಎರಡು ಸಾವಿರ ಚಿಲ್ಲರೆ ರೂಪಾಯಿ.

ನಮ್ಮ ದೇಶದಲ್ಲಿ ಸತ್ತವರ ಆಸ್ತಿಗೆ ತೆರಿಗೆ ಇತ್ತು ಅನ್ನುವುದೇ ನನ್ನ ವಯಸ್ಸಿನ ಬಹುತೇಕರಿಗೆ ಗೊತ್ತಿಲ್ಲ. ನನಗೂ ಗೊತ್ತಾದದ್ದು 2024ರ ಚುನಾವಣೆಯ ಗಲಾಟೆಯಲ್ಲಿ. ಸ್ಯಾಮ್ ಪಿತ್ರೋಡಾ ಅಮೆರಿಕದ ಪಿತ್ರಾರ್ಜಿತ ತೆರಿಗೆಯ ಬಗ್ಗೆ ಏನೋ ಹೇಳಿದರು, ದೇಶಕ್ಕೆ ದೇಶವೇ ಎದ್ದು ನಿಂತಿತು. ಒಂದು ಕಡೆಯವರು ನಿಮ್ಮ ಆಸ್ತಿ ಕಿತ್ಕೊಳ್ತಾರೆ ಅಂದರು, ಇನ್ನೊಂದು ಕಡೆಯವರು ನಮಗೂ ಆ ಮಾತಿಗೂ ಸಂಬಂಧವೇ ಇಲ್ಲ ಅಂದರು. ಇಂದಿರಾ ಗಾಂಧಿಯವರ ಆಸ್ತಿ ಉಳಿಸಿಕೊಳ್ಳಲೆಂದೇ ರಾಜೀವ್ ಗಾಂಧಿ ಈ ತೆರಿಗೆ ತೆಗೆದರು ಅನ್ನುವ ಆರೋಪವೂ ಬಂತು. ದಿನಾಂಕ ನೋಡಿದರೆ ಈ ಆರೋಪ ನಿಲ್ಲುವುದಿಲ್ಲ. ಇಂದಿರಾ ಸತ್ತದ್ದು 1984ರ ಅಕ್ಟೋಬರ್ 31. ತೆರಿಗೆ ರದ್ದಾದದ್ದು 1985ರ ಮಾರ್ಚ್ 16ರಂದು ಮತ್ತು ಆಮೇಲೆ ಸತ್ತವರಿಗೆ. ಅವರು ತೀರಿಕೊಂಡಾಗ ಕಾನೂನು ಜೀವಂತವಾಗಿಯೇ ಇತ್ತು. ಗದ್ದಲದಲ್ಲಿ ಕಳೆದುಹೋದದ್ದು ಬೇರೆಯೇ ಪ್ರಶ್ನೆ. ಮೂವತ್ತೆರಡು ವರ್ಷ ಇದ್ದ ತೆರಿಗೆ ಯಾಕೆ ಬಂತು, ಏನು ಮಾಡಿತು, ಯಾಕೆ ಹೋಯಿತು?

ಸತ್ತವನ ಗಂಟಿನ ಮೇಲೆ ರಾಜನ ಕಣ್ಣು ಅನ್ನುವುದು ನಮಗೆ ಹೊಸದಲ್ಲ. ಶಾಕುಂತಲ ನಾಟಕವನ್ನು ಪ್ರೇಮಕಥೆಯಾಗಿ ಓದಿರುತ್ತೇವೆ. ಅದರ ಆರನೇ ಅಂಕದಲ್ಲಿ ಒಂದು ಟ್ಯಾಕ್ಸ್ ಕೇಸು ಇದೆ. ಧನಮಿತ್ರ ಅನ್ನುವ ವ್ಯಾಪಾರಿ ಹಡಗು ಮುಳುಗಿ ಸಾಯುತ್ತಾನೆ, ಮಕ್ಕಳಿಲ್ಲ, ಹಾಗಾಗಿ ಅವನ ಹಣವೆಲ್ಲ ಬೊಕ್ಕಸಕ್ಕೆ ಅಂತ ಮಂತ್ರಿ ಬರೆದು ಕಳಿಸುತ್ತಾನೆ. ದುಷ್ಯಂತ ಸುಮ್ಮನೆ ಸಹಿ ಹಾಕುವುದಿಲ್ಲ. ಅವನ ಹೆಂಡಿರಲ್ಲಿ ಯಾರಾದರೂ ಬಸುರಿಯೇ ನೋಡಿ ಅನ್ನುತ್ತಾನೆ. ಒಬ್ಬಳು ಇದ್ದಾಳೆ. ಹಾಗಾದರೆ ಹೊಟ್ಟೆಯಲ್ಲಿರುವ ಮಗುವಿಗೇ ಆಸ್ತಿ ಅಂತ ತೀರ್ಪು. ಗುಜರಾತಿನ ಕುಮಾರಪಾಲ 12ನೇ ಶತಮಾನದಲ್ಲಿ ಮಕ್ಕಳಿಲ್ಲದವರ ಆಸ್ತಿ ಮುಟ್ಟುಗೋಲು ಹಾಕುವುದನ್ನೇ ಬಿಟ್ಟ ಅಂತ ಜೈನ ಲೇಖಕರು ಕೊಂಡಾಡುತ್ತಾರೆ. ಅಂದರೆ ಒಳ್ಳೇ ರಾಜನೆಂದರೆ ಸತ್ತವರ ಗಂಟು ಮುಟ್ಟದವನು.

ನಮ್ಮ ಕಡೆ ಈ ಭಾವನೆಗೆ ಇನ್ನೊಂದು ಗಾಯವೂ ಇದೆ. 1824ರಲ್ಲಿ ಕಿತ್ತೂರಿನ ಶಿವಲಿಂಗರುದ್ರ ಸರ್ಜ ತೀರಿಕೊಂಡಾಗ, ದತ್ತು ಮಗನನ್ನು ಒಪ್ಪುವುದಿಲ್ಲ ಅಂತ ಧಾರವಾಡದ ಕಲೆಕ್ಟರ್ ಥ್ಯಾಕರೆ ಖಜಾನೆಗೆ ಮುದ್ರೆ ಹಾಕಿಸಿದ. ಅಕ್ಟೋಬರ್ 23ಕ್ಕೆ ಚೆನ್ನಮ್ಮನ ಸೈನ್ಯದ ಎದುರು ಹೆಣವಾದ. ರಾಜ್ಯದ ಉತ್ತರಾಧಿಕಾರ ಬೇರೆ, ನಿಮ್ಮ ನಮ್ಮ ಸೈಟು ಬೇರೆ, ನಿಜ. ಆದರೆ ಸಿನಿಮಾದಲ್ಲಿ ಸರೋಜಾದೇವಿ ಗುಡುಗುವಾಗ ರೋಮಾಂಚನಗೊಂಡು ಬೆಳೆದ ನಮಗೆ, ವಾರಸುದಾರನಿಗೂ ಆಸ್ತಿಗೂ ನಡುವೆ ಕೈ ಹಾಕುವ ಸರ್ಕಾರ ಅಂದರೆ ಥ್ಯಾಕರೆಯೇ ನೆನಪಾಗುತ್ತಾನೆ.

ಇಂಥ ದೇಶದಲ್ಲಿ 1953ರಲ್ಲಿ ಎಸ್ಟೇಟ್ ಡ್ಯೂಟಿ ಬಂತು, ಆ ವರ್ಷದ ಅಕ್ಟೋಬರ್ 15ರಿಂದ ಜಾರಿ. ಹಣಕಾಸು ಸಚಿವರು ಸಿ.ಡಿ. ದೇಶಮುಖ್. ಬ್ರಿಟನ್ನಿನಲ್ಲಿ 1894ರಿಂದಲೇ ಇದ್ದ ತೆರಿಗೆಯ ಮಾದರಿ ಅದು. ಹೊಸ ಗಣರಾಜ್ಯ, ಜಮೀನ್ದಾರಿ ರದ್ದಾಗುತ್ತಿದ್ದ ಕಾಲ. ಹುಟ್ಟಿನಿಂದ ಬಂದ ಸಿರಿತನ ಕರಗಬೇಕು ಅನ್ನುವುದು ಆಗಿನವರ ಪ್ರಾಮಾಣಿಕ ಆಸೆಯಾಗಿತ್ತು. ಅದನ್ನು ನಾನು ಲೇವಡಿ ಮಾಡುವುದಿಲ್ಲ.

ಆಮೇಲೆ ಬಂದವರು ನಿಕೋಲಸ್ ಕಾಲ್ಡರ್, ಕೇಂಬ್ರಿಡ್ಜಿನ ಅರ್ಥಶಾಸ್ತ್ರಜ್ಞ. 1956ರಲ್ಲಿ ನಮ್ಮ ಸರ್ಕಾರ ಕರೆಸಿ ವರದಿ ಬರೆಸಿತು. ಅವರ ಐಡಿಯಾ ಸೊಗಸಾಗಿತ್ತು. ಆದಾಯ, ಸಂಪತ್ತು, ದಾನ, ಖರ್ಚು, ಆಸ್ತಿ ಮಾರಿದ ಲಾಭ, ಎಲ್ಲದಕ್ಕೂ ಸ್ವಲ್ಪ ಸ್ವಲ್ಪ ತೆರಿಗೆ ಹಾಕಿ. ಒಂದು ಕಡೆ ಮುಚ್ಚಿಟ್ಟದ್ದು ಇನ್ನೊಂದು ಕಡೆ ಸಿಕ್ಕಿಬೀಳುತ್ತೆ. ಅದಕ್ಕೆ ಬದಲಾಗಿ ಆದಾಯ ತೆರಿಗೆಯ ಗರಿಷ್ಠ ದರವನ್ನು ಶೇ 45ಕ್ಕೆ ಇಳಿಸಿ ಅಂದರು. ನಾವೇನು ಮಾಡಿದೆವು ಗೊತ್ತಾ? ಹೊಸ ತೆರಿಗೆಗಳನ್ನೆಲ್ಲ ತಗೊಂಡೆವು, ದರ ಇಳಿಸುವುದನ್ನು ಮಾತ್ರ ಮರೆತೆವು. 1957ರಲ್ಲಿ ಟಿ.ಟಿ. ಕೃಷ್ಣಮಾಚಾರಿ ವೆಲ್ತ್ ಟ್ಯಾಕ್ಸ್ ತಂದರು. ಮುಂಧ್ರಾ ಹಗರಣದಲ್ಲಿ ಅವರು ರಾಜೀನಾಮೆ ಕೊಟ್ಟಿದ್ದರಿಂದ 1958ರ ಬಜೆಟ್ಟನ್ನು ನೆಹರೂ ಅವರೇ ಮಂಡಿಸಿ ಗಿಫ್ಟ್ ಟ್ಯಾಕ್ಸ್ ಸೇರಿಸಿದರು. ಡಾಕ್ಟರು ಬರೆದ ಐದು ಮಾತ್ರೆಯಲ್ಲಿ ಕಹಿಯಾದ ನಾಲ್ಕನ್ನು ನುಂಗಿ, ಹೊಟ್ಟೆ ತಣ್ಣಗಿಡುವ ಒಂದನ್ನು ಬಿಸಾಕಿದ ಹಾಗೆ.

ಅಲ್ಲಿಂದ ಮುಂದೆ ಎಲ್ಲ ಏರುತ್ತಲೇ ಹೋಯಿತು. 1960ರ ದಶಕದಲ್ಲಿ ಎಸ್ಟೇಟ್ ಡ್ಯೂಟಿಯ ಗರಿಷ್ಠ ದರ ಶೇ 85. ಇಪ್ಪತ್ತು ಲಕ್ಷ ಮೀರಿದ ಪ್ರತಿ ನೂರು ರೂಪಾಯಿಯಲ್ಲಿ ಮಕ್ಕಳಿಗೆ ಹದಿನೈದು. 1970ರ ದಶಕದ ಶುರುವಿಗೆ ಆದಾಯ ತೆರಿಗೆಯ ತುತ್ತತುದಿ, ಸರ್‌ಚಾರ್ಜ್ ಸೇರಿ, ಶೇ 97.75. ದೊಡ್ಡ ಆಸ್ತಿಗೆ ವೆಲ್ತ್ ಟ್ಯಾಕ್ಸ್ ವರ್ಷಕ್ಕೆ ಶೇ 8. ನೂರು ರೂಪಾಯಿ ಬಡ್ಡಿ ಬಂದರೆ ಎರಡು ಕಾಲು ರೂಪಾಯಿ ಕೈಗೆ, ಅದರ ಮೇಲೆ ಅಸಲಿನಲ್ಲೂ ವರ್ಷಾ ವರ್ಷಾ ಕಡಿತ. ಅಂದರೆ ಕಾನೂನನ್ನು ಅಕ್ಷರಶಃ ಪಾಲಿಸಿದ ಶ್ರೀಮಂತ ಬದುಕಿರುವಾಗಲೇ ಬರಿಗೈ ಆಗಬೇಕು, ಸತ್ತ ಮೇಲೆ ಮತ್ತೆ ಶೇ 85. ಹೀಗಿದ್ದರೆ ಯಾರು ತಾನೇ ಪಾಲಿಸ್ತಾರೆ? ವಾಂಛೂ ಸಮಿತಿ 1971ರಲ್ಲೇ ಹೇಳಿತು, ಇಂಥ ದರವೇ ಜನರನ್ನು ಕಪ್ಪು ಹಣದ ಕಡೆ ದೂಡುತ್ತಿದೆ ಅಂತ. ಮನೆ ಕೊಳ್ಳುವಾಗ 'ಎಷ್ಟು ವೈಟು, ಎಷ್ಟು ಬ್ಲ್ಯಾಕು' ಅಂತ ಕೇಳುವ ನಮ್ಮ ಅಭ್ಯಾಸ ಗಟ್ಟಿಯಾದದ್ದು ಆ ಕಾಲದಲ್ಲೇ.

ಇಷ್ಟೆಲ್ಲ ಮಾಡಿ ಸಿಕ್ಕಿದ್ದೆಷ್ಟು? 1985ರ ಬಜೆಟ್ಟಿನಲ್ಲಿ ವಿ.ಪಿ. ಸಿಂಗ್ ಹೇಳಿದ ಪ್ರಕಾರ ಎಸ್ಟೇಟ್ ಡ್ಯೂಟಿಯ ಇಳುವರಿ ವರ್ಷಕ್ಕೆ ಸುಮಾರು 20 ಕೋಟಿ. ಆಗ ಕೇಂದ್ರದ ಒಟ್ಟು ತೆರಿಗೆ ವಸೂಲಿ 20 ಸಾವಿರ ಕೋಟಿ ಮೀರಿತ್ತು. ಸಾವಿರ ರೂಪಾಯಿಗೆ ಒಂದು ರೂಪಾಯಿಯೂ ಇಲ್ಲ. ಅದಕ್ಕೆ ಹೋಲಿಸಿದರೆ ವಸೂಲಿಯ ಖರ್ಚೇ ಹೆಚ್ಚು, ಒಂದೇ ಆಸ್ತಿಗೆ ಎರಡು ಕಾನೂನು, ಜನಕ್ಕೆ ಕಿರುಕುಳ, ಹಾಗಾಗಿ ರದ್ದು ಅಂದರು. ಯಾರೂ ಅಳಲಿಲ್ಲ.

ಶೇ 85 ದರ ಇಟ್ಟೂ ಯಾಕೆ ಏನೂ ಸಿಗಲಿಲ್ಲ ಅನ್ನುವುದೇ ಈ ಕಥೆಯ ತಿರುಳು. ತಾತನ ಫೈಲು ಪಕ್ಕದಲ್ಲಿಟ್ಟುಕೊಂಡು ಓದಿದಾಗ ನನಗೆ ಹೊಳೆದದ್ದು ಇಷ್ಟು.

ಸಾವಿಗೆ ಎರಡು ವರ್ಷ ಮುಂಚೆ ಕೊಟ್ಟ ದಾನವನ್ನು ಮಾತ್ರ ಸತ್ತವನ ಆಸ್ತಿ ಅಂತ ಲೆಕ್ಕ ಹಿಡಿಯುತ್ತಿದ್ದರು. ಅದಕ್ಕೂ ಮುಂಚೆ ಮಕ್ಕಳ ಹೆಸರಿಗೆ ಮಾಡಿಬಿಟ್ಟರೆ ಈ ಸುಂಕವಿಲ್ಲ. ವಕೀಲರನ್ನು ಇಟ್ಟುಕೊಂಡ ಮನೆಗಳು ಎಪ್ಪತ್ತಕ್ಕೇ ಎಲ್ಲ ಹಂಚಿ ಕೂತವು. ಬಟ್ಟೆ ಅಂಗಡಿಯಲ್ಲಿ ಗಜಕೋಲು ಹಿಡಿದಿದ್ದಾಗಲೇ ಎದೆನೋವು ಬಂದು ಹೋದ ನನ್ನ ತಾತನಂಥವರು ಸಿಕ್ಕಿಹಾಕಿಕೊಂಡರು. ಸುಂಕ ಬಿದ್ದದ್ದು ಸಿರಿತನದ ಮೇಲಲ್ಲ, ಮುಂದಾಲೋಚನೆ ಇಲ್ಲದ ಸಾವಿನ ಮೇಲೆ.

ಟ್ರಸ್ಟುಗಳ ದಾರಿ ಇತ್ತು. ಹೈದರಾಬಾದಿನ ನಿಜಾಮರು 1950ರಲ್ಲೇ ಕುಟುಂಬದ ಹೆಸರಿನಲ್ಲಿ ದೊಡ್ಡ ಟ್ರಸ್ಟ್ ಮಾಡಿದ್ದರು. ಉದ್ದೇಶ ಏನೇ ಇರಲಿ, ಅವರ ಟ್ರಸ್ಟೊಂದರ ವೆಲ್ತ್ ಟ್ಯಾಕ್ಸ್ ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದದ್ದು 1977ರಲ್ಲಿ, ಅವರು ತೀರಿಕೊಂಡು ಹತ್ತು ವರ್ಷದ ಮೇಲೆ. ಹಿಂದೂ ಅವಿಭಕ್ತ ಕುಟುಂಬ ಅನ್ನುವುದು ಇನ್ನೊಂದು ದಾರಿ. ಒಂದೇ ಮನೆ, ಒಂದೇ ಒಲೆ. ಆದರೆ ತೆರಿಗೆ ಇಲಾಖೆಯ ಕಣ್ಣಿಗೆ ಅಪ್ಪ ಒಬ್ಬ, ಮಗ ಒಬ್ಬ, ಇಬ್ಬರೂ ಸೇರಿದ ಕುಟುಂಬ ಅಂತ ಮೂರನೆಯವನೊಬ್ಬ. ಇವತ್ತಿಗೂ ಇದ್ದಾನೆ, ಪ್ಯಾನ್ ಕಾರ್ಡ್ ಸಮೇತ.

ಇನ್ನೊಂದು ಕಾರಣದ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಸಂವಿಧಾನದ 269ನೇ ವಿಧಿಯ ಪ್ರಕಾರ ಎಸ್ಟೇಟ್ ಡ್ಯೂಟಿ ವಸೂಲಿ ಮಾಡಬೇಕಾದದ್ದು ಕೇಂದ್ರ, ದುಡ್ಡು ಹೋಗಬೇಕಾದದ್ದು ರಾಜ್ಯಗಳಿಗೆ. ಬೈಗುಳ ದೆಹಲಿಗೆ, ಬಾಡೂಟ ಬೇರೆಯವರಿಗೆ. ತನಗೆ ದಕ್ಕದ ದುಡ್ಡಿಗಾಗಿ ಊರಿನ ಶ್ರೀಮಂತರ ವೈರ ಕಟ್ಟಿಕೊಳ್ಳುವ ಮಂತ್ರಿ ಯಾವ ಪಕ್ಷದಲ್ಲಿದ್ದಾನೆ?

ಕೊನೆಯದಾಗಿ ಮಿತಿ. ಕಾನೂನು ಬಂದಾಗ ಒಂದು ಲಕ್ಷದವರೆಗೆ ಸುಂಕ ಇರಲಿಲ್ಲ. 1958ರಲ್ಲಿ ಅದನ್ನು 50 ಸಾವಿರಕ್ಕೆ ಇಳಿಸಿದರು. ವಾಸದ ಮನೆಗೆ ಒಂದು ಲಕ್ಷದವರೆಗೆ ಬೇರೆ ವಿನಾಯಿತಿ ಇತ್ತು ಅನ್ನೋದೇ ಪುಣ್ಯ. ಹಣದುಬ್ಬರ ಏರಿದಂತೆಲ್ಲ ಹಳೇ ಮೈಸೂರಿನ ಹೆಂಚಿನ ಮನೆಯ ಯಜಮಾನರೂ ಕಾಗದದಲ್ಲಿ ಸಿರಿವಂತರಾದರು. ಅರಮನೆಗೆ ಬೀಸಿದ ಬಲೆಯಲ್ಲಿ ಸಿಕ್ಕಿದ್ದು ಅಂಗಡಿ ಬೀದಿಯ ಮೀನು.

ಅರಮನೆ ಅಂದ ಮೇಲೆ ಬೆಂಗಳೂರು ಅರಮನೆಯ ಕಥೆ ಹೇಳದೆ ಬಿಡುವ ಹಾಗಿಲ್ಲ. ತಾತ ಸತ್ತ ಅದೇ 1974ರ ಸೆಪ್ಟೆಂಬರಿನಲ್ಲಿ ಜಯಚಾಮರಾಜ ಒಡೆಯರ್ ತೀರಿಕೊಂಡರು. ಅವರ ಮಗ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಅವರಿಗೆ ಬೆಂಗಳೂರಿನ ನಟ್ಟನಡುವೆ ನಾನೂರಕ್ಕೂ ಹೆಚ್ಚು ಎಕರೆಯ ಅರಮನೆ ಮೈದಾನ ಬಂತು. ವರ್ಷ ವರ್ಷ ವೆಲ್ತ್ ಟ್ಯಾಕ್ಸ್ ಕಟ್ಟಬೇಕು, ಸರಿ. ಆದರೆ ಬೆಲೆ ಎಷ್ಟು ಅಂತ ಹಿಡಿಯುವುದು? 1976ರಲ್ಲಿ ನಗರ ಭೂಮಿತಿ ಕಾಯ್ದೆ ಬಂದಿತ್ತು. ಅದರ ಪ್ರಕಾರ ಬೆಂಗಳೂರಿನಲ್ಲಿ ಒಬ್ಬರು ಸಾವಿರ ಚದರ ಮೀಟರಿಗಿಂತ ಹೆಚ್ಚು ಖಾಲಿ ಜಾಗ ಇಟ್ಟುಕೊಳ್ಳುವ ಹಾಗಿಲ್ಲ. ಹೆಚ್ಚುವರಿಯನ್ನು ಸರ್ಕಾರ ತಗೊಂಡರೆ ಪರಿಹಾರ, ಜಾಗ ಎಷ್ಟೇ ಇರಲಿ, ಗರಿಷ್ಠ 2 ಲಕ್ಷ ರೂಪಾಯಿ. ಹಾಗಾದರೆ ಆ ಜಾಗದ ಬೆಲೆ ಮಾರುಕಟ್ಟೆಯ ಕೋಟಿಗಳೋ, ಕಾನೂನಿನ 2 ಲಕ್ಷವೋ? ಸಂಪತ್ತು ಇದೆ ಅಂತ ತೆರಿಗೆ ಕೇಳುವ ಕೈ ಒಂದು, ಅದು ನಿನ್ನದಲ್ಲ ಅನ್ನುವ ಕೈ ಇನ್ನೊಂದು, ಎರಡೂ ಸರ್ಕಾರದ್ದೇ.

70ರ ದಶಕದ ಕೊನೆಯಿಂದ 80ರ ದಶಕದ ನಡುವಿನವರೆಗಿನ ವರ್ಷಗಳ ಲೆಕ್ಕಕ್ಕೆ ಸುಪ್ರೀಂ ಕೋರ್ಟ್ ಕೊನೆಯ ಮಾತು ಹೇಳಿದ್ದು 2015ರ ಸೆಪ್ಟೆಂಬರಿನಲ್ಲಿ. ಆ ಖಾಲಿ ಜಾಗದ ಬೆಲೆ 2 ಲಕ್ಷ ಮೀರುವಂತಿಲ್ಲ ಅಂತ. ಅಷ್ಟೊತ್ತಿಗೆ ತೆರಿಗೆ ಕಟ್ಟಬೇಕಾಗಿದ್ದವರು ತೀರಿಕೊಂಡು ಎರಡು ವರ್ಷವಾಗುತ್ತಾ ಬಂದಿತ್ತು. ನಗರ ಭೂಮಿತಿ ಕಾಯ್ದೆಯನ್ನು ಸಂಸತ್ತು 1999ರಲ್ಲೇ ರದ್ದು ಮಾಡಿತ್ತು. ಅದೇ 2015ರ ಫೆಬ್ರುವರಿಯಲ್ಲಿ ಅರುಣ್ ಜೇಟ್ಲಿ ವೆಲ್ತ್ ಟ್ಯಾಕ್ಸನ್ನೇ ತೆಗೆದುಹಾಕಿದ್ದರು. ತೆರಿಗೆದಾರನಿಲ್ಲ, ಕಾಯ್ದೆಯಿಲ್ಲ, ತೆರಿಗೆಯಿಲ್ಲ, ತೀರ್ಪು ಮಾತ್ರ ಇದೆ. ನನ್ನ ಅಜ್ಜಿಯ ಬಳೆಯನ್ನು ಗ್ರಾಮಿನ ಲೆಕ್ಕದಲ್ಲಿ ತೂಗಿದ ದೇಶದಲ್ಲೇ ಇದೂ ನಡೆದದ್ದು. ಒಡೆಯರ್ ಅವರ ತಪ್ಪು ಇದರಲ್ಲಿ ಏನೂ ಇಲ್ಲ. ಕಾನೂನು ಹಾಗಿತ್ತು, ಅವರು ಗೆದ್ದರು. ಆದರೆ ಪ್ರತಿ ವರ್ಷ ಎಲ್ಲರ ಎಲ್ಲ ಆಸ್ತಿಗೂ ಬೆಲೆ ಕಟ್ಟುವ ತೆರಿಗೆ ನಮ್ಮಲ್ಲಿ ಯಾಕೆ ಬೇಡ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಜೇಟ್ಲಿ ತೆಗೆದ ವೆಲ್ತ್ ಟ್ಯಾಕ್ಸಂತೂ ಅಷ್ಟೊತ್ತಿಗೆ ಅಸ್ಥಿಪಂಜರ. ಚೆಲ್ಲಯ್ಯ ಸಮಿತಿಯ ಸಲಹೆಯಂತೆ 1993ರಿಂದ ಶೇರು, ಬ್ಯಾಂಕ್ ಠೇವಣಿಗಳನ್ನೆಲ್ಲ ಬಿಟ್ಟು, ಎರಡನೇ ಮನೆ, ಕಾರು, ಒಡವೆ, ಖಾಲಿ ಸೈಟು ಇಂಥವಕ್ಕೆ ಮಾತ್ರ ಶೇ 1 ಹಾಕುತ್ತಿದ್ದರು. ಸಾವಿರ ಕೋಟಿಯ ಶೇರು ಇದ್ದವನಿಗೆ ಇಲ್ಲ, ಎರಡು ಸೈಟಿದ್ದ ನಿವೃತ್ತ ಮೇಷ್ಟ್ರಿಗೆ ಇದೆ. 2013-14ರಲ್ಲಿ ಬಂದದ್ದು 1,008 ಕೋಟಿ. ಅದನ್ನು ತೆಗೆದು, ವರ್ಷಕ್ಕೆ ಕೋಟಿ ಮೀರಿ ಆದಾಯ ಇರುವವರಿಗೆ ಶೇ 2ರ ಹೆಚ್ಚುವರಿ ಸರ್‌ಚಾರ್ಜ್ ಹಾಕಿದರು. ಲೆಕ್ಕಕ್ಕೆ ಸುಲಭ, ವಸೂಲಿಗೆ ಸುಲಭ. ಆದರೆ ಗಮನಿಸಿ: ಸಂಪತ್ತಿನ ಮೇಲಿದ್ದ ತೆರಿಗೆ ಹೋಗಿ ದುಡಿಮೆಯ ಮೇಲೆ ಕೂತಿತು. ದುಡಿಯುವವನು ಕಟ್ಟುತ್ತಾನೆ, ಇಟ್ಟುಕೊಂಡು ಕೂತವನು ಕಟ್ಟುವುದಿಲ್ಲ.

ಹಾಗಾದರೆ ಹುಟ್ಟಿನಿಂದ ಬಂದ ಆಸ್ತಿಯನ್ನು ಹಂಚುವುದು ನಮ್ಮಲ್ಲಿ ಸಾಧ್ಯವೇ ಇಲ್ವಾ? ಕರ್ನಾಟಕದ ಮಟ್ಟಿಗೆ ಉತ್ತರ ಅದೇ 1974ರಲ್ಲಿದೆ. ಮಾರ್ಚ್ 1ರಂದು ದೇವರಾಜ ಅರಸರ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಗೇಣಿಗೆ ಕೊಟ್ಟ ಜಮೀನೆಲ್ಲ ಸರ್ಕಾರಕ್ಕೆ, ಅಲ್ಲಿಂದ ಉಳುವವನಿಗೆ. ದೆಹಲಿ ಶೇ 85ರ ಕತ್ತಿ ಝಳಪಿಸಿ ಬರಿಗೈಲಿ ನಿಂತಿದ್ದಾಗ, ಕರಾವಳಿಯಲ್ಲೂ ಮಲೆನಾಡಿನಲ್ಲೂ ತಲೆಮಾರುಗಳಿಂದ ಇಳಿದು ಬಂದಿದ್ದ ಲಕ್ಷಾಂತರ ಎಕರೆ ಕೈ ಬದಲಾಯಿತು. ಅಲ್ಲೂ ಅನ್ಯಾಯಗಳಾದವು. ನಾಲ್ಕೆಕರೆ ಗೇಣಿಯೇ ಆಧಾರವಾಗಿದ್ದ ವಿಧವೆಯರು ಬೀದಿಗೆ ಬಂದ ಮನೆಗಳು ನನಗೂ ಗೊತ್ತು, ಬೇನಾಮಿ ಮಾಡಿ ಉಳಿಸಿಕೊಂಡ ದೊಡ್ಡ ಕುಳಗಳೂ ಗೊತ್ತು. ಆದರೆ ಕೆಲಸ ನಡೆಯಿತು. ಯಾಕೆ? ಜಮೀನು ಕಣ್ಣಿಗೆ ಕಾಣುತ್ತದೆ. ಮಿಗಿಲಾಗಿ, ಎದುರಿಗೆ ಒಬ್ಬ ಮನುಷ್ಯನಿದ್ದ. ಗೇಣಿದಾರ ಅರ್ಜಿ ಹಾಕುತ್ತಿದ್ದ, ಭೂನ್ಯಾಯ ಮಂಡಳಿಯ ಮುಂದೆ ಬಂದು ನಿಲ್ಲುತ್ತಿದ್ದ, ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಎಸ್ಟೇಟ್ ಡ್ಯೂಟಿಯಲ್ಲಿ ಎದುರಿಗೆ ಯಾರಿದ್ದರು? ಒಬ್ಬ ಗುಮಾಸ್ತ, ಒಂದು ನಮೂನೆ.

ನಾನು ಎಲ್ಲಿ ನಿಲ್ಲುತ್ತೇನೆ ಅಂತ ಹೇಳಿಬಿಡುತ್ತೇನೆ. ವರ್ಷ ವರ್ಷದ ಸಂಪತ್ತಿನ ತೆರಿಗೆ ನಮಗೆ ಬೇಡ. ಆದರೆ ತಲೆಮಾರಿಗೊಮ್ಮೆ, ತುಂಬಾ ದೊಡ್ಡ ಆಸ್ತಿ ಕೈ ಬದಲಾಗುವಾಗ, ಸಣ್ಣದೊಂದು ಪಾಲು ಕೇಳುವುದು ನ್ಯಾಯ.

'ಒಂದು ಸಲ ತೆರಿಗೆ ಕಟ್ಟಿದ ದುಡ್ಡಿಗೆ ಮತ್ತೆ ಯಾಕೆ?' ಅನ್ನುವುದು ಎಲ್ಲರೂ ಮೊದಲು ಕೇಳುವ ಪ್ರಶ್ನೆ. ತಾತ ಆ ಸೈಟು ಕೊಂಡದ್ದು ಕೆಲವು ಸಾವಿರಕ್ಕೆ. ಅದು ಕೋಟಿ ದಾಟಿದ್ದು ರಿಂಗ್ ರೋಡಿನಿಂದ, ಇನ್ಫೋಸಿಸ್ ಕ್ಯಾಂಪಸ್ಸಿನಿಂದ, ಬೆಂಗಳೂರಿನ ಹೆದ್ದಾರಿಯಿಂದ. ಆ ಏರಿಕೆಗೆ ತಾತನೂ ತೆರಿಗೆ ಕಟ್ಟಿಲ್ಲ, ಅಪ್ಪನೂ ಕಟ್ಟಿಲ್ಲ. ನಾನು ಮಾರಿದರೆ ಕ್ಯಾಪಿಟಲ್ ಗೇನ್ಸ್ ಕಟ್ಟಬೇಕು, ಅದು ನಿಜ. ವಾರಸುದಾರನಿಗೆ ಹಳೇ ಮಾಲೀಕನ ಕೊಂಡ ಬೆಲೆಯೇ ಅಂಟಿಕೊಳ್ಳುತ್ತದೆ, 2001ಕ್ಕೂ ಹಿಂದಿನ ಆಸ್ತಿಯಾದರೆ ಆ ವರ್ಷದ ಏಪ್ರಿಲ್ 1ರ ಬೆಲೆ ಹಿಡಿಯಬಹುದು. ಮಾರದೆ ಬಾಡಿಗೆಗೆ ಕೊಟ್ಟುಕೊಂಡು ನನ್ನ ಮಗಳಿಗೆ ದಾಟಿಸಿದರೆ ಅದೂ ಇಲ್ಲ. ಇನ್ನೊಂದು ತಮಾಷೆ ನೋಡಿ. ಗೆಳೆಯನೊಬ್ಬ ನನ್ನ ಕಷ್ಟಕ್ಕೆ ಅಂತ 60 ಸಾವಿರ ಕೊಟ್ಟರೆ ಅದಷ್ಟೂ ನನ್ನ ಆದಾಯ, ತೆರಿಗೆ ಕಟ್ಟಬೇಕು. ಅಪ್ಪ 60 ಕೋಟಿ ಕೊಟ್ಟರೆ ಸೊನ್ನೆ.

ಅಪ್ಪನ ಆಸ್ತಿ ಮಗನಿಗೆ ಹೋಗುವುದು ಪ್ರಕೃತಿ ನಿಯಮ ಅನ್ನುವವರಿಗೆ ಆ ಫೈಲಿನ ಇನ್ನೊಂದು ಕಾಗದ ತೋರಿಸಬೇಕು. ಇಬ್ಬರು ಅತ್ತೆಯರು ಸಹಿ ಹಾಕಿದ ಹಕ್ಕು ಬಿಡುಗಡೆ ಪತ್ರ. ಅರಿಶಿನ ಕುಂಕುಮದ ಜೊತೆ ಒಂದೊಂದು ಸೀರೆ ಕೊಟ್ಟು ಬರೆಸಿಕೊಂಡದ್ದು. ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ ದೇಶಕ್ಕೆಲ್ಲ ಆದದ್ದು 2005ರಲ್ಲಿ. ಅದಕ್ಕೆ ಮುಂಚೆ ಕರ್ನಾಟಕ 1994ರಲ್ಲಿ ಕೊಟ್ಟಿತ್ತು, ಮದುವೆಯಾದವರನ್ನು ಹೊರಗಿಟ್ಟು. ಯಾರಿಗೆ ಎಷ್ಟು ಅಂತ ಬರೆಯುವುದು ಶಾಸನಸಭೆಯೇ. ನನಗೆ ಮನೆ ಬಂದದ್ದು ರಕ್ತದಿಂದಷ್ಟೇ ಅಲ್ಲ, ಆಯಾ ಕಾಲದ ಕಾನೂನು ನನ್ನ ಕಡೆ ಇದ್ದದ್ದರಿಂದ.

ಬೊಕ್ಕಸ ತುಂಬುತ್ತದೆ ಅಂತ ಮಾತ್ರ ನಾನು ಹೇಳಲ್ಲ. ಒಇಸಿಡಿ 2021ರಲ್ಲಿ ಲೆಕ್ಕ ಹಾಕಿದಾಗ, ಈ ತೆರಿಗೆ ಇರುವ ಶ್ರೀಮಂತ ದೇಶಗಳಲ್ಲೂ ಒಟ್ಟು ತೆರಿಗೆಯಲ್ಲಿ ಅದರ ಪಾಲು ಸರಾಸರಿ ಶೇ 0.5. ಆಸ್ಟ್ರೇಲಿಯಾ, ಸ್ವೀಡನ್ ತೆಗೆದೇ ಹಾಕಿವೆ. ಹಾಗಂತ ಎಲ್ಲ ಕಡೆ ಸೋತಿಲ್ಲ. ಕೊರಿಯಾದಲ್ಲಿ ಸ್ಯಾಮ್‌ಸಂಗ್‌ನ ಲೀ ಕುನ್-ಹೀ 2020ರಲ್ಲಿ ತೀರಿಕೊಂಡಾಗ ಮನೆಯವರು 12 ಲಕ್ಷ ಕೋಟಿ ವೊನ್‌ಗೂ ಹೆಚ್ಚು ತೆರಿಗೆಯನ್ನು ಐದು ವರ್ಷದ ಕಂತಿನಲ್ಲಿ ಕಟ್ಟುವುದಾಗಿ ಹೇಳಿದರು. ಕಂಪನಿ ಮುಳುಗಲಿಲ್ಲ. ನೀವು ಇದನ್ನು ಬಹುಶಃ ಅವರ ಫೋನ್ ಪಕ್ಕದಲ್ಲಿಟ್ಟುಕೊಂಡೇ ಓದುತ್ತಿದ್ದೀರಿ.

1953ರಲ್ಲಿ ಇಲ್ಲದ ಸೌಕರ್ಯ ಈಗ ನಮ್ಮಲ್ಲೂ ಇದೆ. ಶೇರೆಲ್ಲ ಡಿಮ್ಯಾಟಿನಲ್ಲಿ, ಸತ್ತ ದಿನದ ಬೆಲೆ ಒಂದು ಗುಂಡಿ ಒತ್ತಿದರೆ ಸಿಗುತ್ತದೆ. ಸೈಟಿಗೆ ಮಾರ್ಗಸೂಚಿ ದರ ಇದೆ, ಪ್ಯಾನ್ ಇದೆ. ಅಜ್ಜಿಯ ಬಳೆ ತೂಗಬೇಕಾಗಿಲ್ಲ. ಮಿತಿ 20 ಕೋಟಿ ಇರಲಿ, ದರ ಶೇ 10 ಇರಲಿ, ಕಂತಿಗೆ ಅವಕಾಶ ಇರಲಿ, ಟ್ರಸ್ಟಿಗೂ ಅವಿಭಕ್ತ ಕುಟುಂಬಕ್ಕೂ ಅದೇ ಲೆಕ್ಕ ಇರಲಿ. ಕಾಫಿ ತೋಟದವರು ತೋಟ ಮಾರುವ ಪರಿಸ್ಥಿತಿ ಬರಬಾರದು, ಅಂಗಡಿಯವರ ಮಕ್ಕಳು ಆರು ವರ್ಷ ಕಾಗದ ಬರೆಯಬಾರದು.

ಇದನ್ನೆಲ್ಲ ಕಳೆದ ತಿಂಗಳು ಮೈಸೂರಿನ ಅಡುಗೆಮನೆಯಲ್ಲಿ ಕೂತು ಅಮ್ಮನಿಗೆ ಹೇಳುತ್ತಿದ್ದೆ. ಅಮ್ಮ ಬದನೆಕಾಯಿ ಹೆಚ್ಚುತ್ತಾ ಪೂರ್ತಿ ಕೇಳಿಸಿಕೊಂಡರು. ಮದುವೆಯಾಗಿ ಬಂದ ಹೊಸದರಲ್ಲಿ ಅಜ್ಜಿ ಹೆಬ್ಬೆಟ್ಟೊತ್ತಲು ಹೋಗುವಾಗ ಜೊತೆಗೆ ಹೋದವರು ಅವರೇ.

'ಇಪ್ಪತ್ತು ಕೋಟಿ ಅಂದ್ಯಲ್ಲ ಮಗ, ಒಂದು ಲಕ್ಷ ಇದ್ದದ್ದನ್ನ ಐವತ್ತು ಸಾವಿರ ಮಾಡಿದ್ರು ಅಂತ ನೀನೇ ಹೇಳಿದೆ. ಈ ಇಪ್ಪತ್ತು ಕೋಟಿನ ನಾಳೆ ಯಾರೋ ಬಂದು ಇಪ್ಪತ್ತು ಲಕ್ಷ ಮಾಡಿದ್ರೆ, ಮತ್ತೆ ಬಳೆ ಬಿಚ್ಚಿ ತೂಕ ಹಾಕೋರು ಯಾರ ಮನೆಗೆ ಬರ್ತಾರೆ?'

ಹಾಗೆ ಆಗಲ್ಲ ಅಂತ ಹೇಳಲು ಬಾಯಿ ತೆರೆದೆ. ಮೇಜಿನ ಮೇಲೆ ಫೈಲು ತೆರೆದೇ ಇತ್ತು.